ಮಾತ್ರೆಯ ಪಟ್ಟಿಯಲ್ಲಿ ಕನ್ನಡವಿಲ್ಲ

ತೆಲಂಗಾಣದ ಬಶೀರಾಬಾದ್ ಕರ್ನಾಟಕದ ಗಡಿಗೆ ಹತ್ತಿರದ ಊರು. ಅಲ್ಲಿನ ಕನ್ನಡಿಗರ ಪಾಡೂ ಕಾಸರಗೋಡಿನ ನಮ್ಮ ಪಾಡೂ ಒಂದೇ: ಮಾತ್ರೆಯ ಪಟ್ಟಿಯಲ್ಲಿ ಕನ್ನಡ ಕಾಣದು.

ಅವರ ಹೈದರಾಬಾದೇ ಮದ್ದಿನ ತವರು. 1970ರ ಪೇಟೆಂಟ್ ಕಾಯಿದೆ ಔಷಧಕ್ಕೆ ಹಕ್ಕು ಕೊಡದೆ, ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು. ಬೇರೆ ವಿಧಾನದಿಂದ ಅದೇ ಮದ್ದು ತಯಾರಾಗಿ ಬೆಲೆ ಇಳಿಯಿತು. ಸರಕಾರಿ ಐ.ಡಿ.ಪಿ.ಎಲ್.ನಲ್ಲಿ ದುಡಿದಿದ್ದ ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು. 2005ರಿಂದ ಔಷಧಕ್ಕೇ ಪೇಟೆಂಟ್ ಬಂತು. ಹೊಸ ಮದ್ದು ದುಬಾರಿ. ಹಳೆಯದು ಅಗ್ಗವೇನೋ ಹೌದು, ಆದರೆ ಅದರ ಮೂಲದ್ರವ್ಯಕ್ಕೆ ಬಹುಪಾಲು ಚೀನವನ್ನೇ ನೆಚ್ಚಿದ್ದೇವೆ. ನಾಳೆ ಬೆಲೆ ಏರಿದರೆ ಅಲ್ಲಿಂದಲೇ ಏರೀತು.

2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಕಂಪನಿ ಇಟ್ಟ ಹೆಸರು ನಡೆಯದು. ಮದ್ದಿನ ಮೂಲ ಹೆಸರನ್ನೇ ಹೇಳಬೇಕು. ಶಾಲೆಗೆ ಹೋಗುವ ಮೊಮ್ಮಕ್ಕಳು ಆ ಹೆಸರನ್ನೂ ಅವಧಿ ಮುಗಿಯುವ ತಿಂಗಳನ್ನೂ ಕನ್ನಡದಲ್ಲಿ ಬರೆದು ಅಜ್ಜಿಯ ಮದ್ದಿನ ಡಬ್ಬಿಗೆ ಅಂಟಿಸಲಿ.