ರಕ್ತ ಹೆಪ್ಪುಗಟ್ಟದಿದ್ದಾಗ

ಬೆರಳು ಕೊಯ್ದರೆ ರಕ್ತ ತಾನೇ ಹೆಪ್ಪುಗಟ್ಟುತ್ತದೆ. ವಿಪರೀತ ರಕ್ತ ಹೋದಾಗ ಆ ಶಕ್ತಿಯೇ ಕುಂದುತ್ತದೆ. ಹಂದಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಂತೆ, ಮೈ ತಣ್ಣಗಾದರೆ ಹೆಪ್ಪಿಗೆ ಬೇಕಾದ ಫೈಬ್ರಿನೋಜೆನ್ ತಯಾರಾಗುವುದು ನಿಧಾನ. ರಕ್ತದಲ್ಲಿ ಆಮ್ಲ ಹೆಚ್ಚಿದರೆ ಇದ್ದದ್ದೂ ಬೇಗ ಕರಗುತ್ತದೆ.

ಕಟ್ಟಿದ ಹೆಪ್ಪನ್ನು ಉಳಿಸುವ ಔಷಧಿ ಟ್ರಾನೆಕ್ಸಾಮಿಕ್ ಆಮ್ಲ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ನೇತೃತ್ವದ ‘ಪ್ಯಾಚ್’ ಅಧ್ಯಯನದಲ್ಲಿ, ಸಿಡ್ನಿ, ಮೆಲ್ಬರ್ನ್ ಸೇರಿದಂತೆ ಹಲವೆಡೆ, ಆಸ್ಪತ್ರೆ ಮುಟ್ಟುವ ಮೊದಲೇ ಗಾಯಾಳುಗಳಿಗೆ ಇದನ್ನು ಕೊಟ್ಟು ನೋಡಿದರು. 2023ರ ಫಲಿತಾಂಶದಂತೆ 28 ದಿನಗಳೊಳಗಿನ ಸಾವು ಔಷಧಿ ಪಡೆದವರಲ್ಲಿ ಶೇ. 17.3, ಪಡೆಯದವರಲ್ಲಿ ಶೇ. 21.8. ಆರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರ ಪ್ರಮಾಣ ಮಾತ್ರ ಹೆಚ್ಚಲಿಲ್ಲ.

ಸೈಟಿನಲ್ಲಿ ಪೆಟ್ಟಾದವನಿಗೆ ನಾವು ಸೆಕೆಯೆಂದು ನೀರು ಚಿಮುಕಿಸುತ್ತೇವೆ. ರಕ್ತ ಹೋದವನಿಗೋ ಒಳಗೊಳಗೇ ಚಳಿ. ಗಾಯವನ್ನು ಬಟ್ಟೆಯಿಂದ ಗಟ್ಟಿಯಾಗಿ ಅದುಮಿ, ಆಂಬುಲೆನ್ಸ್‌ಗೆ ಕರೆಮಾಡಿ, ಕಂಬಳಿ ಹೊದಿಸಬೇಕು, ಜುಲೈ ತಿಂಗಳಾದರೂ.