ಜಾಲತಾಣದ ತಂತ್ರಾಂಶ ಉಚಿತ, ನಿರ್ವಹಣೆ ಉಚಿತವಲ್ಲ

ಜಾಲತಾಣ ಮಾಡಿಸಲು ದರಪಟ್ಟಿ ತರಿಸಿದ ವ್ಯಾಪಾರ ಸಂಸ್ಥೆಗಳ ಗಮನವನ್ನು ಮೊದಲು ಸೆಳೆಯುವುದು ‘ತಂತ್ರಾಂಶ ಪರವಾನಗಿ ಶುಲ್ಕ: ಇಲ್ಲ’ ಎಂಬ ಸಾಲು. ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಬಳಸಿ ಜಾಲತಾಣ ಕಟ್ಟುವ ವಿನ್ಯಾಸಕಾರರು ಈ ಸಾಲನ್ನು ಬರೆಯುವುದು ನ್ಯಾಯವೇ ಆಗಿದೆ. ಈ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಆದರೆ ಶುಲ್ಕವಿಲ್ಲವೆಂದ ಮಾತ್ರಕ್ಕೆ ವೆಚ್ಚವಿಲ್ಲವೆಂದು ಭಾವಿಸುವುದು ಲೆಕ್ಕಶಾಸ್ತ್ರದ ದೃಷ್ಟಿಯಿಂದಲೂ ವ್ಯವಹಾರದ ದೃಷ್ಟಿಯಿಂದಲೂ ಸರಿಯಲ್ಲ. ಉದ್ಯಮಿಯು ಇಲ್ಲಿ ನಿಜವಾಗಿ ಪಡೆಯುವುದು ಒಂದು ಸಮುದಾಯದ ನಿರಂತರ ಶ್ರಮದ ಫಲವನ್ನು. ಆ ಫಲವು ತನ್ನ ಜಾಲತಾಣಕ್ಕೆ ಸಕಾಲದಲ್ಲಿ ತಲುಪುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಉದ್ಯಮಿಯದೇ ಆಗಿರುತ್ತದೆ.

ವ್ಯವಸ್ಥೆಯ ಸ್ವರೂಪ

ಸಿ.ಎಂ.ಎಸ್. ಎಂದು ಕರೆಯಲ್ಪಡುವ ವಿಷಯ ನಿರ್ವಹಣಾ ವ್ಯವಸ್ಥೆಯಲ್ಲಿ ಸ್ಥೂಲವಾಗಿ ನಾಲ್ಕು ಭಾಗಗಳಿವೆ. ಬರಹ, ಸರಕುಗಳ ವಿವರ, ದರ ಮುಂತಾದ ಮಾಹಿತಿಯು ದತ್ತಸಂಚಯದಲ್ಲಿ ಇರುತ್ತದೆ. ಪುಟದ ರೂಪವನ್ನು ಟೆಂಪ್ಲೇಟ್ ನಿರ್ಧರಿಸುತ್ತದೆ. ವಿಚಾರಣಾ ನಮೂನೆ, ಚಿತ್ರಶಾಲೆ, ಆನ್‌ಲೈನ್ ಮಾರಾಟ ಮುಂತಾದ ಹೆಚ್ಚುವರಿ ಕೆಲಸಗಳನ್ನು ‘ಎಕ್ಸ್‌ಟೆನ್ಷನ್’ ಎಂಬ ವಿಸ್ತರಣೆಗಳು ನಿರ್ವಹಿಸುತ್ತವೆ. ಇವೆಲ್ಲವನ್ನೂ ಹಿಡಿದಿಡುವುದು ಮೂಲ ತಂತ್ರಾಂಶ. ಈ ವಿಂಗಡಣೆಯಿಂದಾಗಿ ಗಣಕಯಂತ್ರದ ಭಾಷೆ ತಿಳಿಯದ ಗುಮಾಸ್ತರೂ ಹೊಸ ದರಪಟ್ಟಿಯನ್ನು ತಾವೇ ಪ್ರಕಟಿಸಬಹುದು. ಅದೇ ವಿಂಗಡಣೆಯಿಂದಾಗಿ ಒಂದೊಂದು ಭಾಗಕ್ಕೂ ಬೇರೆ ಬೇರೆ ಕರ್ತೃಗಳು, ಬೇರೆ ಬೇರೆ ಆವೃತ್ತಿಗಳು ಮತ್ತು ಬೇರೆ ಬೇರೆ ದೋಷಗಳು ಇರುತ್ತವೆ ಎಂಬುದನ್ನೂ ಮರೆಯಬಾರದು.

2005ರ ವಿಭಜನೆ

ಸಮುದಾಯದ ಬಲವೇನು ಎಂಬುದಕ್ಕೆ ಜೂಮ್ಲಾದ ಹುಟ್ಟೇ ಉತ್ತಮ ಉದಾಹರಣೆ. ಆಸ್ಟ್ರೇಲಿಯಾದ ಮೀರೋ ಎಂಬ ಕಂಪನಿಯು ‘ಮ್ಯಾಂಬೋ’ ಎಂಬ ವಿಷಯ ನಿರ್ವಹಣಾ ವ್ಯವಸ್ಥೆಯನ್ನು ರೂಪಿಸಿ, 2001ರಲ್ಲಿ ಅದನ್ನು ಜಿ.ಪಿ.ಎಲ್. ಎಂಬ ಸಾರ್ವಜನಿಕ ಪರವಾನಗಿಯಡಿ ಬಿಡುಗಡೆ ಮಾಡಿತು. ವಿವಿಧ ದೇಶಗಳ ಸ್ವಯಂಸೇವಕ ತಂತ್ರಜ್ಞರು ಅದನ್ನು ಬೆಳೆಸಿದರು. 2005ರಲ್ಲಿ ಮ್ಯಾಂಬೋ ಪ್ರತಿಷ್ಠಾನದ ರಚನೆಯ ಬಗ್ಗೆ ಭಿನ್ನಾಭಿಪ್ರಾಯ ತಲೆದೋರಿ, ಆ ವರ್ಷದ ಆಗಸ್ಟ್ ತಿಂಗಳಲ್ಲಿ ಮೂಲ ಅಭಿವೃದ್ಧಿ ತಂಡವು ಹೊರನಡೆಯಿತು. ಮ್ಯಾಂಬೋ ಎಂಬ ಹೆಸರು ಅವರೊಂದಿಗೆ ಬರಲಿಲ್ಲ. ಆದರೆ ಪರವಾನಗಿಯ ಷರತ್ತಿನಂತೆ ಸಂಕೇತಗಳನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಮರುಹಂಚಬಹುದಾಗಿತ್ತು. ಮುಂದಿನ ತಿಂಗಳಲ್ಲೇ, ಅಂದರೆ ಸೆಪ್ಟೆಂಬರ್ 2005ರಲ್ಲಿ, ಜೂಮ್ಲಾ 1.0 ಹೊರಬಂದಿತು.

ಸ್ವಾಹಿಲಿ ಭಾಷೆಯಲ್ಲಿ ‘ಎಲ್ಲರೂ ಒಟ್ಟಾಗಿ’ ಎಂಬರ್ಥದ ಪದದಿಂದ ಈ ಹೆಸರನ್ನು ಆರಿಸಿಕೊಳ್ಳಲಾಯಿತು. ಆ ಪದದ ಮೂಲ ಅರಬ್ಬಿ ಭಾಷೆ. ಹಳೆಯ ಲೆಕ್ಕಪತ್ರಗಳಲ್ಲಿ ಒಟ್ಟು ಮೊತ್ತಕ್ಕೆ ಬಳಕೆಯಲ್ಲಿದ್ದ ‘ಜುಮಲಾ’ ಎಂಬ ಮಾತೂ ಅದೇ ಮೂಲದ್ದು.

ಈ ಪ್ರಸಂಗದಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಅಂಶವೊಂದಿದೆ. ಒಡೆತನದ ವಿವಾದ ಉಂಟಾದರೂ ಮ್ಯಾಂಬೋ ಬಳಸುತ್ತಿದ್ದ ಸಂಸ್ಥೆಗಳ ಜಾಲತಾಣಗಳು ನಿಂತುಹೋಗಲಿಲ್ಲ. ಅವುಗಳನ್ನು ಜೂಮ್ಲಾಕ್ಕೆ ಬದಲಾಯಿಸಿಕೊಳ್ಳುವ ದಾರಿ ತೆರೆದಿತ್ತು. ಕಂಪನಿಯೊಂದರ ಸ್ವಂತ ತಂತ್ರಾಂಶವನ್ನು ಕೊಂಡವರಿಗೆ, ಆ ಕಂಪನಿ ಮುಚ್ಚಿದರೆ ಅಥವಾ ಮನಸ್ಸು ಬದಲಾಯಿಸಿದರೆ, ಇಂತಹ ಅನುಕೂಲ ದೊರೆಯುವುದು ಅಪರೂಪ. ಮುಕ್ತ ಪರವಾನಗಿಯ ನಿಜವಾದ ಮೌಲ್ಯವು ಉಳಿತಾಯವಾದ ಶುಲ್ಕಕ್ಕಿಂತ ಹೆಚ್ಚಾಗಿ ಈ ನಿರಂತರತೆಯಲ್ಲಿದೆ.

ಅದೇ ಪರವಾನಗಿಯ ಇನ್ನೊಂದು ಷರತ್ತನ್ನೂ ಓದಬೇಕು. ತಂತ್ರಾಂಶವನ್ನು ‘ಇದ್ದಂತೆಯೇ’ ನೀಡಲಾಗಿದ್ದು ಯಾವುದೇ ಖಾತರಿ ಇರುವುದಿಲ್ಲ ಎಂದು ಜಿ.ಪಿ.ಎಲ್. ಸ್ಪಷ್ಟವಾಗಿ ಹೇಳುತ್ತದೆ. ನಷ್ಟವಾದರೆ ಸಮುದಾಯವನ್ನು ಹೊಣೆ ಮಾಡಲು ಬರುವುದಿಲ್ಲ.

ಸಮುದಾಯ ಒದಗಿಸುವ ಸಾಧನಗಳು

ಹಾಗಾದರೆ ಖಾತರಿಯ ಬದಲಿಗೆ ದೊರೆಯುವುದೇನು? ಜೂಮ್ಲಾ ಸಮುದಾಯವನ್ನೇ ತೆಗೆದುಕೊಂಡರೆ ಮುಖ್ಯವಾಗಿ ನಾಲ್ಕು ಬಗೆಯ ಸೌಲಭ್ಯಗಳಿವೆ.

ಮೊದಲನೆಯದು ವಿಸ್ತರಣೆಗಳ ಅಧಿಕೃತ ಕೋಶ. ಜಿ.ಪಿ.ಎಲ್. ಪರವಾನಗಿಯ ವಿಸ್ತರಣೆಗಳಿಗೆ ಮಾತ್ರ ಇಲ್ಲಿ ಪ್ರವೇಶವಿದ್ದು, ಬಳಕೆದಾರರ ವಿಮರ್ಶೆಯನ್ನೂ ಓದಬಹುದು. ಇದಕ್ಕೆ ಪೂರಕವಾಗಿ, ಭದ್ರತಾ ದೋಷ ಕಂಡುಬಂದ ವಿಸ್ತರಣೆಗಳ ಪ್ರತ್ಯೇಕ ಪಟ್ಟಿಯೊಂದನ್ನು ಸ್ವಯಂಸೇವಕರು ನಿರ್ವಹಿಸುತ್ತಾರೆ. ವಿಸ್ತರಣೆಯೊಂದನ್ನು ಅಳವಡಿಸುವ ಮುನ್ನ ಈ ಎರಡನ್ನೂ ನೋಡುವುದು, ಸಾಲ ಕೊಡುವ ಮುನ್ನ ಗಿರಾಕಿಯ ಹಿಂದಿನ ವ್ಯವಹಾರವನ್ನು ವಿಚಾರಿಸಿದಂತೆ.

ಎರಡನೆಯದು ಭದ್ರತಾ ತಂಡ. ದೋಷದ ಸುದ್ದಿಯನ್ನು ಗುಟ್ಟಾಗಿ ಸ್ವೀಕರಿಸಿ, ಪರಿಹಾರ ಸಿದ್ಧವಾದ ನಂತರ ಪ್ರಕಟಣೆ ಹೊರಡಿಸುವುದು ಇದರ ಕೆಲಸ. ಈ ಪ್ರಕಟಣೆಗಳನ್ನು ಯಾರು ಬೇಕಾದರೂ ವೆಚ್ಚವಿಲ್ಲದೆ ತರಿಸಿಕೊಳ್ಳಬಹುದು.

ಮೂರನೆಯದು ಆವೃತ್ತಿಗಳ ಕಾಲಸೂಚಿ. ಯಾವ ಆವೃತ್ತಿಗೆ ಎಲ್ಲಿಯವರೆಗೆ ಬೆಂಬಲವಿದೆ ಎಂಬುದನ್ನು ಮುಂಚಿತವಾಗಿಯೇ ಸಾರಲಾಗುತ್ತದೆ. ಸೆಪ್ಟೆಂಬರ್ 2012ರಲ್ಲಿ ಬಂದ ಜೂಮ್ಲಾ 3ಕ್ಕೆ ಆಗಸ್ಟ್ 2023ರಲ್ಲಿ ಬೆಂಬಲ ಮುಗಿಯಿತು. ಜೂಮ್ಲಾ 4 ಆಗಸ್ಟ್ 2021ರಲ್ಲೇ ಬಂದಿದ್ದುದರಿಂದ ಬದಲಾವಣೆಗೆ ಎರಡು ವರ್ಷಗಳ ಕಾಲಾವಕಾಶವಿತ್ತು. ಜನವರಿ 2011ರಲ್ಲಿ ಬಿಡುಗಡೆಯಾದ ಡ್ರೂಪಲ್ 7ರ ಗಡುವನ್ನು ಹಲವು ಬಾರಿ ಮುಂದೂಡಿ ಕೊನೆಗೆ 5 ಜನವರಿ 2025ಕ್ಕೆ ಮುಕ್ತಾಯಗೊಳಿಸಲಾಯಿತು.

ನಾಲ್ಕನೆಯದು ಕೈಪಿಡಿ, ಅನುವಾದ ಮತ್ತು ಅಭಿವೃದ್ಧಿಯ ಉಪಕರಣಗಳು. 2008ರಲ್ಲಿ ಬಂದ ಜೂಮ್ಲಾ 1.5ರಿಂದ ಯೂನಿಕೋಡ್‌ನ ಯು.ಟಿ.ಎಫ್.-8 ಸಂಕೇತ ಪೂರ್ಣವಾಗಿ ಅಳವಟ್ಟಿತು. ಓದುಗರ ಗಣಕಯಂತ್ರದಲ್ಲಿ ನಿರ್ದಿಷ್ಟ ಅಕ್ಷರಶೈಲಿ ಇದ್ದರಷ್ಟೇ ಕಾಣಿಸುತ್ತಿದ್ದ ಕನ್ನಡ ಬರಹವನ್ನು ಇಂಗ್ಲಿಷಿನಷ್ಟೇ ಸುಲಭವಾಗಿ ಪ್ರಕಟಿಸಲು ಇಂತಹ ಬದಲಾವಣೆಗಳಿಂದಲೇ ಸಾಧ್ಯವಾಯಿತು.

ಉಪಕರಣಗಳ ಪೈಕಿ ಉದ್ಯಮಿಗಳು ಹೆಸರಿಟ್ಟು ಕೇಳಬೇಕಾದವು ಮೂರು. ಜಾಲತಾಣದ ಪ್ರತಿಯೊಂದನ್ನು ಕಚೇರಿಯ ಗಣಕಯಂತ್ರದಲ್ಲೇ ನಡೆಸಿ ಪರೀಕ್ಷಿಸಲು ಎಕ್ಸಾಂಪ್ ಎಂಬ ತಂತ್ರಾಂಶ ನೆರವಾಗುತ್ತದೆ. ಯಾವ ದಿನ ಯಾರು ಯಾವ ಸಾಲನ್ನು ಬದಲಾಯಿಸಿದರು ಎಂಬುದನ್ನು ಗಿಟ್ ದಾಖಲಿಸುತ್ತದೆ. ಇದನ್ನು ಸಂಕೇತಗಳ ದಿನವಹಿ ಪುಸ್ತಕವೆನ್ನಬಹುದು. ಕಡತಗಳು ಮತ್ತು ದತ್ತಸಂಚಯ ಎರಡನ್ನೂ ಸೇರಿಸಿ ಒಂದೇ ಕಟ್ಟಾಗಿ ಕಾಪಿಡಲು ಅಕೀಬಾ ಬ್ಯಾಕಪ್ ಜೂಮ್ಲಾ ಬಳಗದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇದಕ್ಕೆ ಉಚಿತ ಆವೃತ್ತಿಯೂ ಇದೆ.

ವಿಳಂಬದ ಬೆಲೆ

ಇಷ್ಟೆಲ್ಲ ಸೌಲಭ್ಯವಿದ್ದರೂ ಅದನ್ನು ಬಳಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳನ್ನು ನೆನೆಯಬಹುದು. 15 ಅಕ್ಟೋಬರ್ 2014ರಂದು ಡ್ರೂಪಲ್ 7ರ ಗಂಭೀರ ದೋಷವೊಂದಕ್ಕೆ ಪರಿಹಾರ ಪ್ರಕಟವಾಯಿತು. ಎರಡು ವಾರಗಳ ತರುವಾಯ ಡ್ರೂಪಲ್‌ನ ಭದ್ರತಾ ತಂಡವು ಅಸಾಮಾನ್ಯವಾದ ಎಚ್ಚರಿಕೆಯೊಂದನ್ನು ನೀಡಿತು. ಪ್ರಕಟಣೆಯಾದ 7 ಗಂಟೆಗಳೊಳಗೆ ಪರಿಹಾರ ಅಳವಡಿಸದ ಪ್ರತಿಯೊಂದು ಜಾಲತಾಣವೂ ಅತಿಕ್ರಮಣಕ್ಕೆ ಒಳಗಾಗಿದೆ ಎಂದೇ ಭಾವಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಪರಿಹಾರವನ್ನು ಪ್ರಕಟಿಸಿದೊಡನೆ ದೋಷವೆಲ್ಲಿದೆ ಎಂಬುದು ದಾಳಿಕಾರರಿಗೂ ತಿಳಿದುಬಿಡುತ್ತದೆ. ಹೀಗಾಗಿ ನವೀಕರಣವೆಂಬುದು ಬಿಡುವಾದಾಗ ಮಾಡುವ ಕೆಲಸವಲ್ಲ.

ಡಿಸೆಂಬರ್ 2015ರಲ್ಲಿ ಜೂಮ್ಲಾದಲ್ಲಿ ಕಂಡುಬಂದ ದೋಷವು 1.5ರಿಂದ 3.4.5ರವರೆಗಿನ ಎಲ್ಲ ಆವೃತ್ತಿಗಳನ್ನೂ ಬಾಧಿಸುತ್ತಿತ್ತು. 14 ಡಿಸೆಂಬರ್‌ನಂದು 3.4.6 ಆವೃತ್ತಿ ಹೊರಬರುವ ಮುಂಚೆಯೇ ದಾಳಿಗಳು ಆರಂಭವಾಗಿದ್ದವು. ಬೆಂಬಲ ಮುಗಿದಿದ್ದ 1.5 ಮತ್ತು 2.5 ಆವೃತ್ತಿಗಳಿಗೂ ಸಮುದಾಯವು ಆಗ ವಿಶೇಷವಾಗಿ ತೇಪೆ ಒದಗಿಸಿತು. ಅದು ಸೌಜನ್ಯವೇ ಹೊರತು ಹಕ್ಕಲ್ಲ. ಅಂತಹ ಸೌಜನ್ಯವನ್ನು ನಂಬಿ ಹಳೆಯ ಆವೃತ್ತಿಯಲ್ಲೇ ವ್ಯವಹಾರ ಮುಂದುವರಿಸುವುದು ವಿವೇಕವಲ್ಲ.

ಭಾರತದಲ್ಲಿ ಇದಕ್ಕೆ ಶಾಸನದ ಆಯಾಮವೂ ಇದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಜಾಲತಾಣದ ಅತಿಕ್ರಮಣ ಅಥವಾ ವಿರೂಪಗೊಳಿಸುವಿಕೆಯೂ ಸೇರಿದಂತೆ ಪಟ್ಟಿಮಾಡಿದ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನಗಳವರೆಗೆ ಇಟ್ಟುಕೊಳ್ಳಬೇಕು. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಇದರ ಜಾರಿಯನ್ನು 25 ಸೆಪ್ಟೆಂಬರ್ 2022ರವರೆಗೆ ಮುಂದೂಡಲಾಗಿತ್ತು. ಆ ಅವಧಿ ಎಂದೋ ಮುಗಿದಿದೆ. ಜಾಲತಾಣದ ಮೇಲೆ ಯಾರೂ ನಿಗಾ ಇಡದ ಸಂಸ್ಥೆಗೆ ಇಂತಹ ಘಟನೆ ಗಮನಕ್ಕೆ ಬರುವುದೇ ಗಿರಾಕಿಗಳ ದೂರಿನಿಂದ.

ಸಂಕೇತ ಬೇರೆ, ಸೇವೆ ಬೇರೆ

ಸಮುದಾಯದ ಸೌಲಭ್ಯಗಳಿಗೂ ಒಂದು ಮಿತಿ ಉಂಟೆಂಬುದನ್ನು 2024ರ ವರ್ಡ್‌ಪ್ರೆಸ್ ವಿವಾದ ತೋರಿಸಿಕೊಟ್ಟಿತು. ವರ್ಡ್‌ಪ್ರೆಸ್‌ನ ಸಹ-ಸಂಸ್ಥಾಪಕರಿಗೂ ಅದರ ಜಾಲತಾಣಗಳಿಗೆ ಆತಿಥೇಯ ಸೇವೆ ನೀಡುವ ಡಬ್ಲ್ಯುಪಿ ಎಂಜಿನ್ ಎಂಬ ಕಂಪನಿಗೂ ವ್ಯಾಜ್ಯವುಂಟಾಗಿ, ಸೆಪ್ಟೆಂಬರ್ 2024ರಲ್ಲಿ ವರ್ಡ್‌ಪ್ರೆಸ್‌ನ ಕೇಂದ್ರ ಕೋಶಕ್ಕೆ ಆ ಕಂಪನಿಯ ಪ್ರವೇಶವನ್ನು ತಡೆಹಿಡಿಯಲಾಯಿತು. ಅದರ ಗ್ರಾಹಕರಿಗೆ ವಿಸ್ತರಣೆಗಳನ್ನು ಎಂದಿನಂತೆ ನವೀಕರಿಸಿಕೊಳ್ಳಲು ತೊಡಕಾಯಿತು. 10 ಡಿಸೆಂಬರ್ 2024ರಂದು ಅಮೆರಿಕದ ಫೆಡರಲ್ ನ್ಯಾಯಾಲಯವು ಮಧ್ಯಂತರ ಆದೇಶದ ಮೂಲಕ ಪ್ರವೇಶವನ್ನು ಮರಳಿ ನೀಡುವಂತೆ ಸೂಚಿಸಿತು. ಸರಿ ತಪ್ಪುಗಳ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ವ್ಯಾಪಾರಸ್ಥರು ತಿಳಿಯಬೇಕಾದುದಿಷ್ಟೆ: ಪರವಾನಗಿಯು ಸಂಕೇತಗಳ ಮೇಲೆ ಹಕ್ಕು ನೀಡುತ್ತದೆ, ಆದರೆ ಅವುಗಳನ್ನು ಹಂಚುವ ಕೇಂದ್ರದ ಸೇವೆಯ ಮೇಲೆ ಹಕ್ಕು ನೀಡುವುದಿಲ್ಲ. ಆದ್ದರಿಂದ ಬಳಕೆಯಲ್ಲಿರುವ ಪ್ರತಿಯೊಂದು ವಿಸ್ತರಣೆಯ ಪ್ರತಿಯೂ ಸಂಸ್ಥೆಯ ಸ್ವಂತ ಸಂಗ್ರಹದಲ್ಲಿರುವುದು ಲೇಸು.

ಲೆಕ್ಕಪುಸ್ತಕದಲ್ಲಿ ಜಾಲತಾಣ

ಜಾಲತಾಣದ ವೆಚ್ಚವನ್ನು ಪೂರ್ತಿಯಾಗಿ ಆಸ್ತಿಯೆಂದು ತೋರಿಸುವ ಅಥವಾ ಪೂರ್ತಿಯಾಗಿ ಜಾಹೀರಾತು ಖರ್ಚಿಗೆ ಹಾಕುವ ಎರಡೂ ಪದ್ಧತಿಗಳು ಕಂಡುಬರುತ್ತವೆ. ಇಂಡ್ ಎ.ಎಸ್. 38ರ ಅನುಬಂಧವು ಈ ವಿಷಯವನ್ನೇ ಕುರಿತದ್ದಾಗಿದೆ. ಅದರಂತೆ ಯೋಜನಾ ಹಂತದ ವೆಚ್ಚವು ಆಯಾ ವರ್ಷದ ಖರ್ಚು. ನಿರ್ಮಾಣ ಮತ್ತು ವಿನ್ಯಾಸದ ವೆಚ್ಚವನ್ನು, ಭವಿಷ್ಯದ ಆರ್ಥಿಕ ಲಾಭವನ್ನು ಸಮರ್ಥಿಸಲು ಸಾಧ್ಯವಾದಲ್ಲಿ, ಅಮೂರ್ತ ಆಸ್ತಿಯಾಗಿ ತೋರಿಸಬಹುದು. ಕೇವಲ ತನ್ನ ಸರಕುಗಳ ಪ್ರಚಾರಕ್ಕಾಗಿ ಮಾಡಿಸಿದ ಜಾಲತಾಣದಲ್ಲಿ ಅಂತಹ ಸಮರ್ಥನೆ ಸಾಧ್ಯವಾಗದು. ಚಾಲನೆಗೆ ಬಂದ ನಂತರದ ನಿರ್ವಹಣೆಯು ಸಾಮಾನ್ಯವಾಗಿ ವಾರ್ಷಿಕ ಖರ್ಚು. ಇಂಡ್ ಎ.ಎಸ್. ಅನ್ವಯಿಸದ ಕಂಪನಿಗಳು ಎ.ಎಸ್. 26ನ್ನು ಅನುಸರಿಸಬೇಕಾಗುತ್ತದೆ.

ಈ ಕೊನೆಯ ಬಾಬ್ತು, ಅಂದರೆ ನಿರ್ವಹಣೆ, ಬಹುಪಾಲು ಸಂಸ್ಥೆಗಳ ವಾರ್ಷಿಕ ಆಯವ್ಯಯದಲ್ಲಿ ಕಾಣುವುದೇ ಇಲ್ಲ. ಲಿಫ್ಟಿಗೆ, ಜನರೇಟರಿಗೆ, ಹವಾನಿಯಂತ್ರಕಕ್ಕೆ ವರ್ಷ ತಪ್ಪದೆ ಎ.ಎಂ.ಸಿ. ಮಾಡಿಸುವವರು ಹಗಲಿರುಳು ತೆರೆದಿರುವ ಈ ಅಂಗಡಿಗೆ ಅದನ್ನು ಮರೆಯುತ್ತಾರೆ. ಪರವಾನಗಿ ಶುಲ್ಕದಲ್ಲಿ ಉಳಿದ ಹಣದ ಒಂದು ಭಾಗವನ್ನಾದರೂ ಇದಕ್ಕೆ ಮೀಸಲಿಡುವುದು ಯುಕ್ತ.

ಒಪ್ಪಂದದಲ್ಲಿ ಇರಬೇಕಾದ ಅಂಶಗಳು

ಜಾಲತಾಣ ನಿರ್ಮಾಣಕ್ಕೆ ಒಪ್ಪಂದ ಮಾಡಿಕೊಳ್ಳುವ ಸದಸ್ಯರು ಈ ಕೆಳಗಿನ ಅಂಶಗಳನ್ನು ಬರಹದಲ್ಲಿ ಪಡೆಯುವುದು ಸೂಕ್ತ.

1. ಡೊಮೈನ್ ಹೆಸರು ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿರಬೇಕು. ವಿನ್ಯಾಸಕಾರರ ಹೆಸರಿನಲ್ಲಿರುವುದು ಬಾಡಿಗೆ ಕಟ್ಟಡದ ಪತ್ರವನ್ನು ದಲ್ಲಾಳಿಯ ಹೆಸರಿನಲ್ಲಿ ಮಾಡಿಸಿದಂತೆ.

2. ಆಡಳಿತ ಖಾತೆ, ಆತಿಥೇಯ ಸೇವೆ ಮತ್ತು ದತ್ತಸಂಚಯದ ಗುಪ್ತಪದಗಳು ಸಂಸ್ಥೆಯ ಜವಾಬ್ದಾರಿಯುತ ಅಧಿಕಾರಿಯ ಬಳಿಯೂ ಇರಬೇಕು.

3. ಮೂಲ ತಂತ್ರಾಂಶ, ಪಿ.ಎಚ್.ಪಿ. ಮತ್ತು ಪ್ರತಿಯೊಂದು ವಿಸ್ತರಣೆಯ ಹೆಸರು, ಆವೃತ್ತಿ, ಬೆಂಬಲದ ಕೊನೆಯ ದಿನಾಂಕಗಳ ಪಟ್ಟಿಯನ್ನು ಪಡೆದು, ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆಯಂತೆ ತಾಳೆ ನೋಡಬೇಕು.

4. ಭದ್ರತಾ ಪ್ರಕಟಣೆ ಹೊರಬಿದ್ದ ಎಷ್ಟು ಗಂಟೆಗಳೊಳಗೆ, ರಜಾದಿನಗಳಲ್ಲಿಯೂ ಸೇರಿ, ಪರಿಹಾರ ಅಳವಡಿಸಲಾಗುವುದು ಎಂಬುದನ್ನು ನಮೂದಿಸಬೇಕು.

5. ಬ್ಯಾಕಪ್ ಪ್ರತಿಯು ಜಾಲತಾಣವಿರುವ ಸರ್ವರಿನಿಂದ ಬೇರೆಡೆ ಇರಬೇಕು. ಅದರಿಂದ ಜಾಲತಾಣವನ್ನು ಮರಳಿ ನಿಲ್ಲಿಸಿ ತೋರಿಸುವ ಪರೀಕ್ಷೆ ಕನಿಷ್ಠ ವರ್ಷಕ್ಕೊಮ್ಮೆ ನಡೆಯಬೇಕು. ಪರೀಕ್ಷಿಸದ ಬ್ಯಾಕಪ್ ತಾಳೆ ನೋಡದ ಬ್ಯಾಂಕ್ ಪುಸ್ತಕದಂತೆ.

6. ಮೂಲ ತಂತ್ರಾಂಶದ ಕಡತಗಳನ್ನು ನೇರವಾಗಿ ತಿದ್ದಕೂಡದು. ಹಾಗೆ ತಿದ್ದಿದಲ್ಲಿ ಮುಂದಿನ ನವೀಕರಣದಲ್ಲಿ ಆ ತಿದ್ದುಪಡಿ ಅಳಿಸಿಹೋಗುತ್ತದೆ, ಇಲ್ಲವೇ ಅದಕ್ಕೆ ಹೆದರಿ ನವೀಕರಣವೇ ನಿಂತುಹೋಗುತ್ತದೆ. ರೂಪದ ಬದಲಾವಣೆಗೆ ಟೆಂಪ್ಲೇಟ್ ಓವರ್‌ರೈಡ್ ಎಂಬ ಕ್ರಮಬದ್ಧ ಮಾರ್ಗ ಜೂಮ್ಲಾದಲ್ಲೇ ಇದೆ.

ಮೇಲಿನವುಗಳಲ್ಲಿ ಒಂದಕ್ಕೂ ದುಬಾರಿ ತಂತ್ರಾಂಶ ಬೇಕಿಲ್ಲ. ಬೇಕಾದ ಸಾಧನಗಳೆಲ್ಲ ಸಮುದಾಯದ ಕಣಜದಲ್ಲಿ ಸಿದ್ಧವಾಗಿವೆ. ಆ ಕಣಜವನ್ನು ತುಂಬುತ್ತಿರುವವರು ತಮ್ಮ ಬಿಡುವಿನ ವೇಳೆಯಲ್ಲಿ ದೋಷ ಹುಡುಕುವ, ಕೈಪಿಡಿ ಬರೆಯುವ, ಅನುವಾದ ಮಾಡುವ ತಂತ್ರಜ್ಞರು. ಅದರಿಂದ ಪ್ರತಿದಿನ ಲಾಭ ಪಡೆಯುವ ಉದ್ದಿಮೆಗಳು, ತಮ್ಮ ವಿನ್ಯಾಸಕಾರರು ಕಂಡುಹಿಡಿದ ದೋಷವನ್ನು ಸಮುದಾಯಕ್ಕೆ ವರದಿ ಮಾಡಲು ಅಥವಾ ಕನ್ನಡದ ಅನುವಾದಕ್ಕೆ ಕೈಜೋಡಿಸಲು ತಿಂಗಳಿಗೆ ಕೆಲವು ಗಂಟೆಗಳ ಅವಕಾಶ ಕೊಟ್ಟರೆ, ಅದನ್ನು ದಾನವೆಂದು ತಿಳಿಯಬೇಕಾಗಿಲ್ಲ. ತನ್ನ ಅಂಗಡಿ ನಿಂತಿರುವ ನೆಲವನ್ನು ಗಟ್ಟಿ ಮಾಡಿಕೊಳ್ಳುವ ಖರ್ಚು ಅದು.