ಯಾವ ಹಲ್ಲು, ಯಾವ ಮಾತ್ರೆ

ಕಡಬದ ಕ್ಲಿನಿಕ್‌ನಿಂದ ಸುಳ್ಯದ ಕೆವಿಜಿ ಡೆಂಟಲ್ ಕಾಲೇಜಿಗೆ ಚೀಟಿ ಹಿಡಿದು ಹೊರಟಿದ್ದೀರಿ ಎಂದುಕೊಳ್ಳಿ. ಚೀಟಿಯಲ್ಲಿ ‘46’ ಎಂದಿದೆ. ಮೊದಲ ಅಂಕೆ ಬಾಯಿಯ ಭಾಗ: ರೋಗಿಯ ಬಲ ಮೇಲ್ದವಡೆ 1, ಎಡ ಮೇಲ್ದವಡೆ 2, ಎಡ ಕೆಳದವಡೆ 3, ಬಲ ಕೆಳದವಡೆ 4. ಎರಡನೆಯದು ಮುಂದಿನಿಂದ ಹಿಂದಕ್ಕೆ ಎಣಿಸಿದರೆ ಎಷ್ಟನೆಯ ಹಲ್ಲು ಎಂಬುದು. 46ರ ಬದಲು 36 ಎಂದಾದರೆ ಬಲಗಡೆಯ ನೋವಿಗೆ ಎಡಗಡೆಯ ಹಲ್ಲು ಹೋದೀತು.

ಎಣಿಕೆಯೂ ಕೈಕೊಡುತ್ತದೆ. ಹಿಂದೆಂದೋ ಆರನೆಯ ಹಲ್ಲು ತೆಗೆಸಿದ್ದರೆ ಏಳನೆಯದು ಮುಂದಕ್ಕೆ ವಾಲಿ ಆ ಜಾಗದಲ್ಲಿ ಕೂತಿರುತ್ತದೆ. ಅದನ್ನು ಒಬ್ಬರು ಆರು ಎನ್ನುತ್ತಾರೆ, ಇನ್ನೊಬ್ಬರು ಏಳು. ನೋವನ್ನೂ ಪೂರ್ತಿ ನಂಬುವಂತಿಲ್ಲ. ಕೆಳಗಿನ ಹಲ್ಲು ಹುಳುಕಾದರೂ ಮೇಲಿನದು ನೋಯುತ್ತಿದೆ ಅನಿಸುವುದುಂಟು. ಅದಕ್ಕೇ ನಂಬರಿನ ಜೊತೆ ‘ಬಲ ಕೆಳಗಿನ ದವಡೆಹಲ್ಲು’ ಎಂದು ಮಾತಿನಲ್ಲೂ ಬರೆಸಿಕೊಳ್ಳಿ. ಕುರ್ಚಿಯಲ್ಲಿ ಕೈಕನ್ನಡಿ ಕೇಳಿ, ಎಕ್ಸ್‌ರೇ ಎದುರಿಗಿರುವಾಗಲೇ ಡಾಕ್ಟರ ಜೊತೆ ಆ ಹಲ್ಲನ್ನು ನೋಡಿ. ಇದು ಇಂಜೆಕ್ಷನ್‌ಗೆ ಮೊದಲೇ ಆಗಬೇಕು. ಮರಗಟ್ಟಿದ ಮೇಲೆ ಯಾವ ಹಲ್ಲು ಎಂದು ನಿಮಗೂ ಹೇಳಲಾಗದು.

ಹಲ್ಲಿಗೂ ಹಾರ್ಟಿಗೂ ಏನು ಸಂಬಂಧ ಎಂದು ಮಾತ್ರೆಯ ವಿಷಯವನ್ನೇ ಹೇಳದವರು ಬಹಳ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಹಾಗೆಂದು ತಾವಾಗಿ ಮಾತ್ರೆ ಬಿಟ್ಟು ಬರುವುದು ಇನ್ನೂ ಅಪಾಯ, ಪಾರ್ಶ್ವವಾಯುವೇ ಬಡಿಯಬಹುದು. ಮೊದಲೇ ಗೊತ್ತಿದ್ದರೆ ಹೊಲಿಗೆ ಹಾಕಿ, ಒತ್ತಿ ಹಿಡಿದು ರಕ್ತ ನಿಲ್ಲಿಸುವ ದಾರಿ ಡಾಕ್ಟರಿಗಿದೆ. ವಾರ್ಫರಿನ್ ಆದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಹೆಸರು ನೆನಪಿರದಿದ್ದರೆ ಮಾತ್ರೆಯ ಹಾಳೆಯನ್ನೇ ಚೀಲಕ್ಕೆ ಹಾಕಿಕೊಳ್ಳಿ. ಪೆನಿಸಿಲಿನ್ ಆಗದಿದ್ದರೆ, ಮೂಳೆ ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಲೇಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಹೊಸತಲ್ಲ. ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೊಕ್ಲೇವ್ 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ ನಿಲ್ಲಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದಲೇ ಓಡಿಸಬೇಕು. ಪೊಟ್ಟಣದ ಮೇಲಿನ ಗುರುತು ಬಣ್ಣ ತಿರುಗಿದೆಯೇ ಎಂದು ಕೇಳಿದರೆ ಒಳ್ಳೆಯ ಡಾಕ್ಟರು ಬೇಸರಪಡುವುದಿಲ್ಲ.

ದೂರದ ಊರಿನವರು ಹಲ್ಲನ್ನು ಬೆಳಿಗ್ಗೆಯೇ ತೆಗೆಸುವುದು ಒಳ್ಳೆಯದು. ಸಂಜೆ ಪುತ್ತೂರಿನಲ್ಲಿ ತೆಗೆಸಿ ಕೊನೆಯ ಬಸ್ಸಿನಲ್ಲಿ ಮನೆ ಸೇರಿದ ಮೇಲೆ ರಾತ್ರಿ ರಕ್ತ ಬಂದರೆ ಓಡುವುದೆಲ್ಲಿಗೆ? ಹತ್ತಿಯನ್ನು ಅರ್ಧ ಗಂಟೆ ಬಿಗಿಯಾಗಿ ಕಚ್ಚಿಕೊಳ್ಳಿ. ಉಗುಳಬೇಡಿ, ಎಲೆ-ಅಡಿಕೆ ಬೇಡ. ಬಸ್ಸು ಹತ್ತುವ ಮೊದಲು ಡಾಕ್ಟರಿಗೆ ಒಮ್ಮೆ ಗಾಯ ತೋರಿಸಿ, ಅವರ ಫೋನ್ ನಂಬರ್ ಬರೆಸಿಕೊಂಡೇ ಹೊರಡಿ.